ಒಂದು ವಿಷಯ ಶೀರ್ಷಿಕೆ ಎರಡಾದಾಗ: ಲಿಂಕ್ಡ್ ಡೇಟಾ ಎಲ್ಲಿಯವರೆಗೆ ಕೈ ಹಿಡಿಯಿತು?

2021ರ ನವೆಂಬರ್‌ನಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ವಿಷಯ ಶೀರ್ಷಿಕೆಗಳ (ಪುಸ್ತಕ ಯಾವುದರ ಬಗ್ಗೆ ಎಂದು ಕ್ಯಾಟಲಾಗ್‌ನಲ್ಲಿ ಹೇಳುವ ನಿಗದಿತ ಪದಗಳ) ಪಟ್ಟಿಯಿಂದ, ಅಂದರೆ ಎಲ್‌ಸಿಎಸ್‌ಎಚ್‌ನಿಂದ, ‘ಇಲ್ಲೀಗಲ್ ಏಲಿಯನ್ಸ್’ (ಅಕ್ರಮ ವಿದೇಶಿಯರು) ಎಂಬ ಶೀರ್ಷಿಕೆಯನ್ನು ಕೈಬಿಡುವುದಾಗಿ ಪ್ರಕಟಿಸಿತು. ಅದರ ಜಾಗಕ್ಕೆ ಎರಡು ಶೀರ್ಷಿಕೆಗಳು ಬಂದವು: ‘ನಾನ್‌ಸಿಟಿಜನ್ಸ್’ (ನಾಗರಿಕರಲ್ಲದವರು) ಮತ್ತು ‘ಇಲ್ಲೀಗಲ್ ಇಮಿಗ್ರೇಷನ್’ (ಅಕ್ರಮ ವಲಸೆ). ಜೊತೆಗೇ, ಅದಕ್ಕಿಂತ ವಿಶಾಲವಾದ ‘ಏಲಿಯನ್ಸ್’ ಶೀರ್ಷಿಕೆಯೂ ‘ನಾನ್‌ಸಿಟಿಜನ್ಸ್’ ಎಂದಾಯಿತು.

ಪತ್ರಿಕೆಗಳಲ್ಲಿ ಇದು ಪದದ ರಾಜಕೀಯದ ಸುದ್ದಿಯಾಗಿ ಓಡಾಡಿತು. ಸೂಚೀಕರಣದ ಮೇಜಿನಲ್ಲಿ ಕೂತವರಿಗೆ ಅದು ಬೇರೆಯೇ ತಲೆನೋವು. ಒಂದೇ ಪ್ರಕಟಣೆಯೊಳಗೆ ಮೂರು ಬೇರೆ ಬೇರೆ ಕೆಲಸಗಳಿದ್ದವು. ‘ಏಲಿಯನ್ಸ್’ ವಿಷಯದಲ್ಲಿ ಬರೀ ಹೆಸರು ಬದಲು. ‘ಇಲ್ಲೀಗಲ್ ಏಲಿಯನ್ಸ್’ ವಿಷಯದಲ್ಲಿ ಒಂದು ಪರಿಕಲ್ಪನೆಯ ವಿಭಜನೆ: ವ್ಯಕ್ತಿಗಳು ಒಂದು ಕಡೆ, ವಿದ್ಯಮಾನ ಇನ್ನೊಂದು ಕಡೆ. ಹಾಗೆ ಬೇರ್ಪಟ್ಟ ವ್ಯಕ್ತಿಗಳ ಭಾಗ ಹೋಗಿ ಸೇರಿದ್ದು ತನಗಿಂತ ದೊಡ್ಡ ವರ್ಗಕ್ಕೆ, ಅದು ವಿಲೀನ. ಹೆಸರು ಬದಲಾವಣೆ, ವಿಭಜನೆ, ವಿಲೀನ ಈ ಮೂರಕ್ಕೂ ಕ್ಯಾಟಲಾಗ್ ಒಂದೇ ರೀತಿ ಪ್ರತಿಕ್ರಿಯಿಸುವುದಿಲ್ಲ. ಲಿಂಕ್ಡ್ ಡೇಟಾ ಎಂದರೆ ಪ್ರತಿ ಪರಿಕಲ್ಪನೆಗೂ ಸ್ಥಿರ ವೆಬ್ ವಿಳಾಸ ಕೊಟ್ಟು, ಆ ವಿಳಾಸಗಳಿಂದ ಮಾಹಿತಿಯನ್ನು ಜೋಡಿಸುವ ವಿಧಾನ. ‘ಲಿಂಕ್ಡ್ ಡೇಟಾ ಬಂದರೆ ಶೀರ್ಷಿಕೆ ತಿದ್ದುವ ಕೆಲಸವೇ ಇರುವುದಿಲ್ಲ’ ಎಂದು ಹೇಳಿಕೊಂಡು ಬಂದದ್ದನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ.

ಹಿನ್ನೆಲೆ

ಈ ಶೀರ್ಷಿಕೆ 1980ರಲ್ಲಿ ‘ಏಲಿಯನ್ಸ್, ಇಲ್ಲೀಗಲ್’ ಎಂಬ ಹಿಂದುಮುಂದಾದ ರೂಪದಲ್ಲಿ ಪಟ್ಟಿಗೆ ಸೇರಿತು. 1993ರಲ್ಲಿ ನೇರ ರೂಪ ಪಡೆಯಿತು. 2014ರಲ್ಲಿ ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿಗಳು ಅಲ್ಲಿನ ಗ್ರಂಥಪಾಲಕರ ಜೊತೆಗೂಡಿ, ಇದನ್ನು ‘ಅನ್‌ಡಾಕ್ಯುಮೆಂಟೆಡ್ ಇಮಿಗ್ರಂಟ್ಸ್’ ಎಂದು ಬದಲಿಸಬೇಕೆಂದು ಅರ್ಜಿ ಸಲ್ಲಿಸಿದರು. ಅರ್ಜಿ ತಿರಸ್ಕೃತವಾಯಿತು. ಇದು ಕಾನೂನಿನ ಪರಿಕಲ್ಪನೆ, ಅಮೆರಿಕದ ಕಾನೂನು ಸಂಹಿತೆಯಲ್ಲಿ ಇದೇ ಪದವಿದೆ, ಕಾನೂನಿನದಲ್ಲದ ಪದವನ್ನು ತಂದು ಬೆರೆಸಿದರೆ ಪಟ್ಟಿಯ ರಚನೆ ಕೆಡುತ್ತದೆ ಎಂಬುದು ಲೈಬ್ರರಿಯ ವಾದವಾಗಿತ್ತು. ‘ಇಮಿಗ್ರಂಟ್ಸ್’ ಎಂದರೆ ನೆಲೆಸಲು ಬಂದವರು. ‘ಏಲಿಯನ್ಸ್’ನಲ್ಲಿ ಓದಲು ಬಂದವರು, ಪ್ರವಾಸಿಗಳು ಎಲ್ಲರೂ ಸೇರುತ್ತಾರೆ. ಹಾಗಾಗಿ ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ವ್ಯಾಪ್ತಿಯೇ ಬದಲಾಗುತ್ತದೆ. ಪದದ ಬಗ್ಗೆ ಯಾರ ನಿಲುವು ಏನೇ ಇರಲಿ, ವ್ಯಾಪ್ತಿಯ ಈ ಆಕ್ಷೇಪ ಸೂಚೀಕರಣದ ದೃಷ್ಟಿಯಿಂದ ಹುರುಳಿರುವಂಥದ್ದೇ.

2016ರ ಜನವರಿಯಲ್ಲಿ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಬದಲಾವಣೆಯ ಪರವಾಗಿ ನಿರ್ಣಯ ಮಾಡಿತು. ಅದೇ ಮಾರ್ಚ್‌ನಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಒಪ್ಪಿಕೊಂಡು ‘ನಾನ್‌ಸಿಟಿಜನ್ಸ್’ ಮತ್ತು ‘ಅನ್‌ಆಥರೈಸ್ಡ್ ಇಮಿಗ್ರೇಷನ್’ ಎಂಬ ಜೋಡಿಯನ್ನು ಪ್ರಸ್ತಾಪಿಸಿತು. ಕೂಡಲೇ ಪ್ರತಿನಿಧಿ ಸಭೆಯಲ್ಲಿ ವಿರೋಧ ಎದ್ದಿತು. ಹಳೆಯ ಶೀರ್ಷಿಕೆಯನ್ನೇ ಉಳಿಸಿಕೊಳ್ಳಬೇಕೆಂಬ ಒತ್ತಾಯ ಲೈಬ್ರರಿಯ ಅನುದಾನದ ಚರ್ಚೆಯೊಳಗೂ ನುಗ್ಗಿತು. ಗ್ರಂಥಾಲಯದ ಒಂದು ವಿಷಯ ಶೀರ್ಷಿಕೆಯ ಬಗ್ಗೆ ಸಂಸತ್ತು ತಲೆ ಕೆಡಿಸಿಕೊಳ್ಳುವುದು ಅಪರೂಪದಲ್ಲಿ ಅಪರೂಪ. ಮುಂದೆ ಐದು ವರ್ಷ ವಿಷಯ ನೆನೆಗುದಿಗೆ ಬಿತ್ತು. 2021ರಲ್ಲಿ ಕೊನೆಗೂ ಬದಲಾವಣೆ ಬಂದಾಗ ಜೋಡಿಯ ಎರಡನೆಯ ಹೆಸರು ‘ಇಲ್ಲೀಗಲ್ ಇಮಿಗ್ರೇಷನ್’ ಆಗಿತ್ತು. ಅರ್ಜಿ ಹಾಕಿದವರಿಗೂ ಅದು ಪೂರ್ತಿ ಸಮಾಧಾನ ತರಲಿಲ್ಲ.

ಮಾರ್ಕ್‌ನಲ್ಲಿ ಅಕ್ಷರ, ಲಿಂಕ್ಡ್ ಡೇಟಾದಲ್ಲಿ ವಿಳಾಸ

ಮಾರ್ಕ್ ಎಂಬುದು ಕಂಪ್ಯೂಟರ್ ಓದಬಲ್ಲ ಕ್ಯಾಟಲಾಗ್ ದಾಖಲೆಯ ಮಾದರಿ. ಅದರ ದಾಖಲೆಯಲ್ಲಿ ವಿಷಯ ಶೀರ್ಷಿಕೆ ಕೂರುವುದು 650ನೇ ಫೀಲ್ಡ್‌ನಲ್ಲಿ, ಅದೂ ಅಕ್ಷರಗಳ ಸಾಲಾಗಿ:

650 _0 $ಎ ಇಲ್ಲೀಗಲ್ ಏಲಿಯನ್ಸ್ $ಎಕ್ಸ್ ಎಜುಕೇಷನ್ $ಝಡ್ ಯುನೈಟೆಡ್ ಸ್ಟೇಟ್ಸ್

$ಎ ಮುಖ್ಯ ಶೀರ್ಷಿಕೆ, $ಎಕ್ಸ್ ವಿಷಯದ ಉಪವಿಭಾಗ, $ಝಡ್ ಸ್ಥಳದ ಉಪವಿಭಾಗ. ಫೀಲ್ಡ್ ಸಂಖ್ಯೆಯ ಪಕ್ಕದ ಎರಡು ಗುರುತುಗಳೇ ಇಂಡಿಕೇಟರ್. ಎರಡನೇ ಇಂಡಿಕೇಟರ್ 0 ಇದ್ದರೆ ಶೀರ್ಷಿಕೆ ಎಲ್‌ಸಿಎಸ್‌ಎಚ್‌ನದು. 2 ಇದ್ದರೆ ವೈದ್ಯಕೀಯದ ಮೆಶ್. 7 ಇದ್ದರೆ ಯಾವ ಪಟ್ಟಿಯದೆಂದು $2 ಹೇಳುತ್ತದೆ. 4 ಇದ್ದರೆ ಮೂಲ ಗೊತ್ತಿಲ್ಲ ಎಂದರ್ಥ. ಈ ಸಾಲು ಪ್ರತಿ ಪುಸ್ತಕದ ದಾಖಲೆಯಲ್ಲೂ, ಪ್ರತಿ ಗ್ರಂಥಾಲಯದಲ್ಲೂ ಮತ್ತೆ ಮತ್ತೆ ನಕಲಾಗಿ ಕೂತಿರುತ್ತದೆ. ಹೆಸರು ಬದಲಾದರೆ ಅಷ್ಟೂ ಕಡೆ ತಿದ್ದಬೇಕು. 1960ರ ದಶಕದ ಕೊನೆಯಲ್ಲಿ ಮುದ್ರಿತ ಕಾರ್ಡಿನ ಮಾಹಿತಿಯನ್ನು ಟೇಪಿಗೆ ಇಳಿಸಲು ಹುಟ್ಟಿದ ವಿನ್ಯಾಸ ಅದು. ಕಾರ್ಡಿನ ಮೇಲೆ ಅಚ್ಚಾಗುವ ಅಕ್ಷರವೇ ಅದಕ್ಕೆ ಮುಖ್ಯ.

2009ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಎಲ್‌ಸಿಎಸ್‌ಎಚ್ ಅನ್ನು ಲಿಂಕ್ಡ್ ಡೇಟಾ ಆಗಿ ತೆರೆದಿಟ್ಟಿತು. ವಿಷಯ ಪದಾವಳಿಗಳನ್ನು ವೆಬ್‌ಗೆ ಒಗ್ಗಿಸುವ ಸ್ಕಾಸ್ ಎಂಬ ಮಾದರಿ ವೆಬ್ ಮಾನಕಗಳ ಸಂಸ್ಥೆಯಾದ ಡಬ್ಲ್ಯು3ಸಿಯ ಶಿಫಾರಸಾದದ್ದೂ ಅದೇ ವರ್ಷ. ಆಗಿನಿಂದ ಅಥಾರಿಟಿ ದಾಖಲೆ (ಶೀರ್ಷಿಕೆಯ ಅಧಿಕೃತ ರೂಪವನ್ನೂ ಅದರ ಬೇರೆ ರೂಪಗಳನ್ನೂ ಹೇಳುವ ದಾಖಲೆ) ಇರುವ ಪ್ರತಿ ಶೀರ್ಷಿಕೆಗೂ ಒಂದು ಸ್ಥಿರ ವೆಬ್ ವಿಳಾಸವಿದೆ, ಅಂದರೆ ಯುಆರ್‌ಐ. ಅದರ ಕೊನೆಯ ತುಂಡು ‘ಎಸ್‌ಎಚ್’ ಅಕ್ಷರಗಳಿಂದ ಶುರುವಾಗುವ ದಾಖಲೆಯ ಸಂಖ್ಯೆ. ಪುಸ್ತಕದ ದಾಖಲೆಯಲ್ಲಿ ಅಕ್ಷರದ ಜೊತೆಗೆ ಈ ವಿಳಾಸವನ್ನೂ $0ಯಲ್ಲಿ ಇಟ್ಟುಕೊಂಡರೆ, ನಾಳೆ ಹೆಸರು ಬದಲಾದರೂ ವಿಳಾಸ ಅದೇ. ತೋರಿಸುವ ಹೊತ್ತಿಗೆ ಹೊಸ ಹೆಸರನ್ನು ಅಲ್ಲಿಂದ ತಂದುಕೊಂಡರಾಯಿತು. ಲೈಬ್ರರಿ ಆಫ್ ಕಾಂಗ್ರೆಸ್ ಮಾರ್ಕ್‌ಗೆ ಬದಲಿಯಾಗಿ 2011ರಲ್ಲಿ ಆರಂಭಿಸಿದ ಬಿಬ್‌ಫ್ರೇಮ್ ಯೋಜನೆಯ ಹಿಂದಿರುವುದೂ ಇದೇ ನಂಬಿಕೆ.

‘ಏಲಿಯನ್ಸ್’ ‘ನಾನ್‌ಸಿಟಿಜನ್ಸ್’ ಆದದ್ದು ಈ ನಂಬಿಕೆಗೆ ಹೇಳಿ ಮಾಡಿಸಿದಂಥ ಬದಲಾವಣೆ. ಇಂಥ ಬದಲಾವಣೆಯಲ್ಲಿ ಪದ್ಧತಿ ಹೀಗೆ: ಅಥಾರಿಟಿ ದಾಖಲೆಯ 150ನೇ ಫೀಲ್ಡ್‌ನಲ್ಲಿ ಹೊಸ ರೂಪ ಬರುತ್ತದೆ, ಹಳೆಯ ರೂಪ ಪರ್ಯಾಯ ಹೆಸರುಗಳಿರುವ 450ಕ್ಕೆ ಇಳಿಯುತ್ತದೆ, ಅದರ $ಡಬ್ಲ್ಯುನಲ್ಲಿ ‘ಎನ್‌ಎನ್‌ಇ’ ಎಂಬ ಸಂಕೇತ ಸೇರುತ್ತದೆ. ‘ಇದು ಹಿಂದೊಮ್ಮೆ ಅಧಿಕೃತ ಶೀರ್ಷಿಕೆಯಾಗಿತ್ತು’ ಎಂದು ಆ ಸಂಕೇತದ ಅರ್ಥ. ಯಂತ್ರ ಓದಿ ತಾನೇ ತಿದ್ದಿಕೊಳ್ಳಲು ಇಷ್ಟು ಸಾಕು.

ವಿಭಜನೆ ಇಷ್ಟು ಸರಳವಲ್ಲ.

ವಿಳಾಸ ಎರಡು ದಾರಿ ತೋರಿಸಿದರೆ

ಒಂದು ಶೀರ್ಷಿಕೆ ರದ್ದಾದಾಗ ಅದರ ಯುಆರ್‌ಐ ಮಾಯವಾಗುವುದಿಲ್ಲ, ಮಾಯವಾಗಲೂ ಬಾರದು. ಅಥಾರಿಟಿ ದಾಖಲೆಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್ ಬಳಸುವ ಮ್ಯಾಡ್ಸ್ ಎಂಬ ಮಾದರಿಯಲ್ಲಿ ಅಂಥ ದಾಖಲೆಗೆ ‘ಡೆಪ್ರಿಕೇಟೆಡ್ ಅಥಾರಿಟಿ’ ಎಂಬ ಗುರುತು ಬೀಳುತ್ತದೆ. ‘ಯೂಸ್ ಇನ್‌ಸ್ಟೆಡ್’ ಎಂಬ ಗುಣದ ಮೂಲಕ ಬದಲಿ ಯಾವುದೆಂದು ತೋರಿಸಲು ಅವಕಾಶವಿದೆ. ಬದಲಿ ಒಂದೇ ಇದ್ದರೆ ತೊಂದರೆಯಿಲ್ಲ. ಎರಡಿದ್ದರೆ ಯಂತ್ರದ ಮುಂದೆ ಮೂರು ಆಯ್ಕೆ: ಮೊದಲನೆಯದು, ಎರಡನೆಯದು, ಇಲ್ಲವೇ ಎರಡೂ. ಯಾವುದು ಸರಿ ಎಂಬುದು ಪುಸ್ತಕದೊಳಗೆ ಏನಿದೆ ಎಂಬುದನ್ನು ಅವಲಂಬಿಸಿದೆ; ಅದು ಅಥಾರಿಟಿ ದಾಖಲೆಯಲ್ಲಿ ಎಲ್ಲೂ ಬರೆದಿರುವುದಿಲ್ಲ.

‘ಹಾಗಾದರೆ ಎಲ್ಲದಕ್ಕೂ ಎರಡನ್ನೂ ಹಾಕಿಬಿಡೋಣ’ ಎನ್ನುವುದು ಮೊದಲು ಹೊಳೆಯುವ ಉಪಾಯ. ಉಪವಿಭಾಗವಿಲ್ಲದ ಶೀರ್ಷಿಕೆಗೆ, ಬರೀ ಸ್ಥಳದ ಉಪವಿಭಾಗ ಇರುವುದಕ್ಕೆ ಅದು ಬಹುಮಟ್ಟಿಗೆ ನಡೆಯುತ್ತದೆ. ಮೇಲಿನ ಉದಾಹರಣೆಯ ‘ಎಜುಕೇಷನ್’ ಬಂದ ಕೂಡಲೇ ಕಾಲು ಸಿಕ್ಕಿಕೊಳ್ಳುತ್ತದೆ. ಎಲ್‌ಸಿಎಸ್‌ಎಚ್‌ನ ಕೈಪಿಡಿಯಲ್ಲಿ ಎಚ್ 1100 ಎಂಬ ಸೂಚನೆಯಿದೆ. ಅದರಲ್ಲಿ ಪಟ್ಟಿ ಮಾಡಿರುವ ಉಪವಿಭಾಗಗಳನ್ನು ವ್ಯಕ್ತಿಗಳ ವರ್ಗದ ಕೆಳಗೆ ಬಳಸಬೇಕು. ಶಿಕ್ಷಣ, ವಸತಿ, ಉದ್ಯೋಗ, ವೈದ್ಯಕೀಯ ಆರೈಕೆ ಇವೆಲ್ಲ ಮನುಷ್ಯರಿಗೆ ಸಂಬಂಧಿಸಿದವು. ‘ಇಲ್ಲೀಗಲ್ ಏಲಿಯನ್ಸ್’ ವ್ಯಕ್ತಿಗಳ ವರ್ಗ. ಅದರ ಕೆಳಗೆ ‘ಎಜುಕೇಷನ್’ ಸರಿ. ‘ಇಲ್ಲೀಗಲ್ ಇಮಿಗ್ರೇಷನ್’ ಒಂದು ವಿದ್ಯಮಾನ. ವಿದ್ಯಮಾನಕ್ಕೆ ಶಿಕ್ಷಣ ಕೊಡಲಾಗುವುದಿಲ್ಲ. ಕಣ್ಣು ಮುಚ್ಚಿ ಎರಡನ್ನೂ ನಕಲು ಮಾಡಿದರೆ ನಿಯಮಕ್ಕೆ ಹೊರತಾದ ಶೀರ್ಷಿಕೆಗಳು ರಾಶಿ ಬೀಳುತ್ತವೆ. ಆಮೇಲೆ ಅವುಗಳನ್ನು ಹುಡುಕಿ ತೆಗೆಯುವುದು ಮೊದಲಿನ ಕೆಲಸಕ್ಕಿಂತ ಕಷ್ಟ. ಯಾವ ಅಥಾರಿಟಿ ದಾಖಲೆಗೂ ತಾಳೆಯಾಗದ ಶೀರ್ಷಿಕೆಯನ್ನು ತಂತ್ರಾಂಶ ‘ತಪ್ಪು’ ಎಂದು ಎತ್ತಿ ತೋರಿಸುವುದಿಲ್ಲ. ಸುಮ್ಮನೆ ಕೊಂಡಿಯಿಲ್ಲದೆ ಬಿಟ್ಟಿರುತ್ತದೆ.

ವಿಲೀನದ ತೊಂದರೆ ಇನ್ನೂ ಸೂಕ್ಷ್ಮ. ದಾಖಲೆಯಿಲ್ಲದ ವಲಸಿಗರ ಮಕ್ಕಳ ಶಾಲೆಯ ಬಗ್ಗೆ ಇರುವ ಪುಸ್ತಕವೂ, ವೀಸಾ ಪಡೆದು ಬಂದ ವಿದೇಶಿ ಎಂಜಿನಿಯರುಗಳ ಬಗ್ಗೆ ಇರುವ ಪುಸ್ತಕವೂ ಈಗ ‘ನಾನ್‌ಸಿಟಿಜನ್ಸ್’ ಎಂಬ ಒಂದೇ ಸೂರಿನಡಿ ಬರಬಹುದು. ಮೊದಲಿನ ಶೀರ್ಷಿಕೆಗಿದ್ದ ನಿಖರತೆ ಮತ್ತೆ ಬೇಕಾದರೆ ಓದುಗ ಎರಡೂ ಶೀರ್ಷಿಕೆಗಳನ್ನು ಸೇರಿಸಿ ಹುಡುಕಬೇಕು. ಉಪವಿಭಾಗದ ಕಾರಣಕ್ಕೆ ಒಂದನ್ನೇ ಪಡೆದ ಪುಸ್ತಕ ಆ ಹುಡುಕಾಟದಲ್ಲಿ ತಪ್ಪಿಸಿಕೊಳ್ಳುತ್ತದೆ. ಇದನ್ನು ಸರಿಪಡಿಸುವ ದಾರಿಯೆಂದರೆ, ‘ನಾನ್‌ಸಿಟಿಜನ್ಸ್ – ಎಜುಕೇಷನ್ – ಯುನೈಟೆಡ್ ಸ್ಟೇಟ್ಸ್’ ಎಂದು ಕೊಟ್ಟ ದಾಖಲೆಗೆ ‘ಇಲ್ಲೀಗಲ್ ಇಮಿಗ್ರೇಷನ್ – ಯುನೈಟೆಡ್ ಸ್ಟೇಟ್ಸ್’ ಎಂಬ ಎರಡನೆಯ 650 ಸೇರಿಸುವುದು; ವ್ಯಕ್ತಿಗಳ ಉಪವಿಭಾಗವನ್ನು ಬಿಟ್ಟು ಸ್ಥಳವನ್ನು ಮಾತ್ರ ಉಳಿಸಿಕೊಳ್ಳುವುದು. ನಿಯಮಕ್ಕೂ ಒಪ್ಪುತ್ತದೆ, ಹುಡುಕಾಟಕ್ಕೂ ಸಿಗುತ್ತದೆ. ಇಡೀ ಪ್ರಕರಣದಲ್ಲಿ ಹೆಚ್ಚು ಕೆಲಸಕ್ಕೆ ಬರುವ ಸೂತ್ರ ಇದೇ ಎನ್ನಬೇಕು.

ಯುಆರ್‌ಐ ನೆಚ್ಚಿಕೊಂಡವರಿಗೆ ಇನ್ನೊಂದು ಹಳೆಯ ತೊಡಕಿತ್ತು. ಎಲ್‌ಸಿಎಸ್‌ಎಚ್‌ನಲ್ಲಿ ಮುಖ್ಯ ಶೀರ್ಷಿಕೆಗೆ ಉಪವಿಭಾಗ ಪೋಣಿಸಿ ಉದ್ದನೆಯ ಸಾಲು ಕಟ್ಟುವ ಸ್ವಾತಂತ್ರ್ಯ ಸೂಚೀಕಾರರಿಗಿದೆ. ಹಾಗೆ ಕಟ್ಟಿದ ಬಹುಪಾಲು ಸಾಲುಗಳಿಗೆ ಅಥಾರಿಟಿ ದಾಖಲೆಯೇ ಇಲ್ಲ, ಆದ್ದರಿಂದ ಯುಆರ್‌ಐಯೂ ಇಲ್ಲ. $0ಯಲ್ಲಿರುವ ವಿಳಾಸ ಇಡೀ ಶೀರ್ಷಿಕೆಗೆ ಸಲ್ಲಬೇಕು. ತಲೆಯ ತುಂಡಿನ ವಿಳಾಸವನ್ನು ಇಡೀ ಸಾಲಿಗೆ ಅಂಟಿಸಿದರೆ ಅದು ಸುಳ್ಳು ಹೇಳಿದಂತೆ. ಹೀಗಾಗಿ ‘ನಮ್ಮಲ್ಲಿ ಯುಆರ್‌ಐ ಇದೆ’ ಎನ್ನುವ ಕ್ಯಾಟಲಾಗ್‌ನಲ್ಲೂ ಸರಳ ಶೀರ್ಷಿಕೆಗಳಿಗೆ ಮಾತ್ರ ಅದು ಇರುತ್ತದೆ, ತಿದ್ದುವುದು ಕಷ್ಟವಾದ ಸಂಕೀರ್ಣ ಶೀರ್ಷಿಕೆಗಳಿಗೆ ಇರುವುದಿಲ್ಲ.

ಎಲ್‌ಸಿಎಸ್‌ಎಚ್‌ನಿಂದಲೇ ಹುಟ್ಟಿದ ಫಾಸ್ಟ್ ಎಂಬ ಪದಾವಳಿ ಈ ಗಂಟನ್ನು ಬಿಡಿಸಿದ್ದು ಸಾಲನ್ನು ಮುರಿದು: ವಿಷಯಕ್ಕೊಂದು ಫೀಲ್ಡ್, ಸ್ಥಳಕ್ಕೊಂದು, ಕಾಲಕ್ಕೊಂದು, ಪ್ರತಿಯೊಂದಕ್ಕೂ ಅದರದೇ ಗುರುತು ಸಂಖ್ಯೆ. ವಿಷಯವನ್ನು ಮುಖಗಳಾಗಿ ಬಿಡಿಸುವ ಈ ಯೋಚನೆಯನ್ನು ಎಸ್. ಆರ್. ರಂಗನಾಥನ್ 1930ರ ದಶಕದಲ್ಲೇ ಮುಂದಿಟ್ಟಿದ್ದರು. 1962ರಲ್ಲಿ ಬೆಂಗಳೂರಿನಲ್ಲಿ ಅವರು ಕಟ್ಟಿದ ಗ್ರಂಥಾಲಯ ವಿಜ್ಞಾನದ ಸಂಶೋಧನೆ, ತರಬೇತಿ ಕೇಂದ್ರ ಡಿಆರ್‌ಟಿಸಿಯಲ್ಲಿ ಕಲಿತವರಿಗೆ ಫಾಸ್ಟ್ ಹೊಸದೆನಿಸಲಾರದು.

ಐದು ವರ್ಷದ ಸ್ಥಳೀಯ ಉಪಾಯಗಳು

2016ರಿಂದ 2021ರ ನಡುವೆ ಹಲವು ಅಮೆರಿಕನ್ ಗ್ರಂಥಾಲಯಗಳು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕಾಯದೆ ತಾವೇ ಬದಲಿಸಿಕೊಂಡವು. ಮೂರು ದಾರಿಗಳಿದ್ದವು.

ಒಂದು, ದಾಖಲೆಯನ್ನೇ ತಿದ್ದುವುದು. 650ರ ಇಂಡಿಕೇಟರ್ ಅನ್ನು 7 ಮಾಡಿ, $2ರಲ್ಲಿ ‘ಲೋಕಲ್’ ಎಂದು ಬರೆದು, ತಮ್ಮ ಆಯ್ಕೆಯ ಪದವನ್ನು ಹಾಕುವುದು. ಪ್ರಾಮಾಣಿಕ ದಾರಿ, ಆದರೆ ಬೇಗ ಸವೆಯುತ್ತದೆ. ಹೊಸ ಪುಸ್ತಕದ ದಾಖಲೆ ಹೊರಗಿನಿಂದ ಇಳಿದಾಗಲೆಲ್ಲ ಹಳೆಯ ಶೀರ್ಷಿಕೆ ಜೊತೆಗೇ ಬರುತ್ತದೆ. ಇರುವ ದಾಖಲೆಯ ಮೇಲೆ ಹೊಸ ಪ್ರತಿ ಬಂದು ಕೂತರೆ ಸ್ಥಳೀಯ ತಿದ್ದುಪಡಿ ಅಳಿಸಿಹೋಗುತ್ತದೆ, ಆ ಫೀಲ್ಡ್‌ಗೆ ರಕ್ಷಣೆಯ ನಿಯಮ ಬರೆದಿಡದ ಹೊರತು.

ಎರಡು, ಸ್ಥಳೀಯ ಅಥಾರಿಟಿ ದಾಖಲೆ ಮಾಡಿ ಹಳೆಯ ಪದವನ್ನು ಅದರ 450ರಲ್ಲಿ ಇಡುವುದು. ಆಗ ತಂತ್ರಾಂಶದ ಸ್ವಯಂ ತಿದ್ದುಪಡಿ ಕಾರ್ಯ ಹಳೆಯದು ಕಂಡಲ್ಲೆಲ್ಲ ಹೊಸದನ್ನು ಇಡುತ್ತದೆ. ಇಲ್ಲಿ ಗ್ರಂಥಾಲಯದ ಕಡತವೂ ಜಾಗತಿಕ ಕಡತವೂ ಒಟ್ಟಿಗೆ ಚಾಲ್ತಿಯಲ್ಲಿದ್ದರೆ ಯಾವುದಕ್ಕೆ ಆದ್ಯತೆ ಎಂದು ಮೊದಲೇ ಹೊಂದಿಸಿರಬೇಕು. ಇಲ್ಲವಾದರೆ ಒಂದು ತಿದ್ದಿದ್ದನ್ನು ಇನ್ನೊಂದು ಮರಳಿ ತಿದ್ದುತ್ತಾ ಕೂರುತ್ತದೆ.

ಮೂರು, ದಾಖಲೆಯನ್ನು ಮುಟ್ಟದೆ ತೋರಿಕೆಯನ್ನು ಮಾತ್ರ ಬದಲಿಸುವುದು. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಗ್ರಂಥಾಲಯಗಳು ಹಿಡಿದದ್ದು ಈ ದಾರಿಯನ್ನು. ಹುಡುಕಾಟದ ಪರದೆಗೆ ಮಾಹಿತಿ ಹೋಗುವ ಹಂತದಲ್ಲಿ ಒಂದು ನಿಯಮ ಕೂತು, ಹಳೆಯ ಶೀರ್ಷಿಕೆ ಇದ್ದಲ್ಲಿ ‘ಅನ್‌ಡಾಕ್ಯುಮೆಂಟೆಡ್ ಇಮಿಗ್ರಂಟ್ಸ್’ ಎಂದು ತೋರಿಸುತ್ತದೆ. ಒಳಗಿನ ದಾಖಲೆ ಇದ್ದಂತೆಯೇ ಇರುವುದರಿಂದ ಹೊಸ ದಾಖಲೆ ಎಷ್ಟು ಬಂದರೂ ನಿಯಮ ತಾನಾಗಿ ಅನ್ವಯವಾಗುತ್ತದೆ.

ಮೂರನೆಯದು ಲಿಂಕ್ಡ್ ಡೇಟಾದ ಮನೋಧರ್ಮಕ್ಕೆ ಹತ್ತಿರ: ಪರಿಕಲ್ಪನೆ ಅವರದು, ಹೆಸರು ನಮ್ಮದು. ಸ್ಕಾಸ್‌ನಲ್ಲಿ ಹೇಳುವುದಾದರೆ, ಗ್ರಂಥಾಲಯ ತನ್ನದೇ ಒಂದು ಪರಿಕಲ್ಪನೆಯನ್ನು ಸ್ಥಾಪಿಸಿ, ಅದಕ್ಕೆ ತನ್ನ ಆಯ್ಕೆಯ ‘ಪ್ರಿಫ್‌ಲೇಬಲ್’ ಕೊಟ್ಟು, ಎಲ್‌ಸಿಎಸ್‌ಎಚ್‌ನ ಯುಆರ್‌ಐಗೆ ‘ಎಕ್ಸ್ಯಾಕ್ಟ್‌ಮ್ಯಾಚ್’ ಎಂಬ ಕೊಂಡಿ ಹಾಕುತ್ತದೆ. ಐದು ವರ್ಷ ಇದು ಸೊಗಸಾಗಿ ನಡೆಯಬಲ್ಲದು. 2021ರಲ್ಲಿ ಆ ಯುಆರ್‌ಐ ರದ್ದಾದಾಗ ಕೊಂಡಿಯ ಇನ್ನೊಂದು ತುದಿಯಲ್ಲಿ ಉಳಿದದ್ದು ರದ್ದಾದ ಶೀರ್ಷಿಕೆ. ಹೊಸ ಎರಡರಲ್ಲಿ ಯಾವುದಕ್ಕೂ ‘ಎಕ್ಸ್ಯಾಕ್ಟ್‌ಮ್ಯಾಚ್’ ಹಾಕುವಂತಿಲ್ಲ. ‘ನಾನ್‌ಸಿಟಿಜನ್ಸ್’ ವಿಶಾಲ, ‘ಇಲ್ಲೀಗಲ್ ಇಮಿಗ್ರೇಷನ್’ ವಿದ್ಯಮಾನ. ಮೊದಲನೆಯದಕ್ಕೆ ‘ಬ್ರಾಡ್‌ಮ್ಯಾಚ್’, ಎರಡನೆಯದಕ್ಕೆ ‘ರಿಲೇಟೆಡ್‌ಮ್ಯಾಚ್’ ಸರಿಹೋಗುತ್ತದೆ. ತೋರಿಕೆಯ ನಿಯಮ ಬರೆದಿದ್ದವರೂ ಹೊಸದಾಗಿ ಯೋಚಿಸಬೇಕಾಯಿತು. ‘ನಾನ್‌ಸಿಟಿಜನ್ಸ್’ ಕಂಡಲ್ಲೆಲ್ಲ ‘ಅನ್‌ಡಾಕ್ಯುಮೆಂಟೆಡ್’ ಎಂದು ತೋರಿಸಿದರೆ ವೀಸಾ ಇರುವವರನ್ನೂ ದಾಖಲೆಯಿಲ್ಲದವರನ್ನಾಗಿ ಮಾಡಿದಂತಾಗುತ್ತದೆ.

ಕೋಹಾದಲ್ಲಿ ತಿದ್ದುವ ಬಗೆ

ಇದು ಅಮೆರಿಕದ ಜಗಳ, ನಮಗೇನು ಎನ್ನುವಂತಿಲ್ಲ. ಕರ್ನಾಟಕದ ವಿಶ್ವವಿದ್ಯಾಲಯ, ಕಾಲೇಜುಗಳಲ್ಲಿ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಬಳಸುವವರು ಇಂಗ್ಲಿಷ್ ಪುಸ್ತಕಗಳ ದಾಖಲೆಯನ್ನು, ಬೇರೆ ಕ್ಯಾಟಲಾಗ್‌ಗಳಲ್ಲಿ ಹುಡುಕಿ ತರುವ ಝಡ್39.50 ಎಂಬ ವಿಧಾನದ ಮೂಲಕ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಇಳಿಸಿಕೊಳ್ಳುವುದು ದಿನನಿತ್ಯದ ಕೆಲಸ. 2021ಕ್ಕೆ ಮೊದಲು ಇಳಿಸಿಕೊಂಡ ದಾಖಲೆಯಲ್ಲಿ ಹಳೆಯ ಶೀರ್ಷಿಕೆ, ಆಮೇಲಿನದರಲ್ಲಿ ಹೊಸದು. ಕಾನೂನು, ಸಮಾಜಶಾಸ್ತ್ರ, ವಲಸೆಯ ಅಧ್ಯಯನ ಇರುವ ಕಡೆ ಒಂದೇ ವಿಷಯದ ಪುಸ್ತಕಗಳು ಎರಡು ಹೆಸರಿನಡಿ ಹರಿದು ಹಂಚಿಹೋಗಿರುತ್ತವೆ. ತಿದ್ದುವ ಕ್ರಮ ಹೀಗಿರಲಿ.

ಮೊದಲು ಎಣಿಕೆ. ಕೋಹಾದ ವರದಿ ವಿಭಾಗದಲ್ಲಿ ‘ಬಿಬ್ಲಿಯೊ_ಮೆಟಾಡೇಟಾ’ ಟೇಬಲ್‌ನಿಂದ 650 $ಎಯಲ್ಲಿ ಈ ಪದವಿರುವ ದಾಖಲೆಗಳನ್ನು ತೆಗೆಯಿರಿ. ಎರಡನೇ ಇಂಡಿಕೇಟರ್ ಏನಿದೆ, $ಎಕ್ಸ್, $ಝಡ್ ಏನಿದೆ, $9 ತುಂಬಿದೆಯೇ ಎಂಬುದೂ ಪಟ್ಟಿಯಲ್ಲಿ ಬರಲಿ. $9ರಲ್ಲಿರುವುದು ಕೋಹಾದೊಳಗಿನ ಅಥಾರಿಟಿ ಸಂಖ್ಯೆ. ಮುಂದೆ ಕಾಟ ಕೊಡುವುದು ಇದೇ. ‘ಚಿಲ್ಡ್ರನ್ ಆಫ್ ಇಲ್ಲೀಗಲ್ ಏಲಿಯನ್ಸ್’ನಂಥ ಶೀರ್ಷಿಕೆಯಲ್ಲಿ ಪದ ನಡುವೆ ಬರುತ್ತದೆ, ಹಾಗಾಗಿ ಪದದಿಂದ ಶುರುವಾಗುವುದನ್ನಷ್ಟೇ ಹುಡುಕಿದರೆ ಅವು ತಪ್ಪಿಹೋಗುತ್ತವೆ. ಅಂಥ ಪ್ರತಿಯೊಂದನ್ನೂ ಲೈಬ್ರರಿ ಆಫ್ ಕಾಂಗ್ರೆಸ್‌ನ ಅಥಾರಿಟಿ ತಾಣದಲ್ಲಿ ಪ್ರತ್ಯೇಕವಾಗಿ ನೋಡಬೇಕು. ಊಹಿಸಿ ಹೊಸ ರೂಪ ಕಟ್ಟಬಾರದು.

ನಂತರ ವಿಂಗಡಣೆ. ಇಂಡಿಕೇಟರ್ 0 ಇರುವುದು ನಮ್ಮ ಕೆಲಸಕ್ಕೆ ಸಂಬಂಧಿಸಿದ್ದು. 7 ಇದ್ದು $2ರಲ್ಲಿ ಫಾಸ್ಟ್ ಎಂದಿದ್ದರೆ ಅದನ್ನು ಫಾಸ್ಟ್‌ನ ಪ್ರಕಾರವೇ ತಿದ್ದಬೇಕು. ಮರೆಯುವಂತಿಲ್ಲ, ಏಕೆಂದರೆ ಒಂದೇ ದಾಖಲೆಯಲ್ಲಿ ಎರಡೂ ಇರುವುದು ಸಾಮಾನ್ಯ. ಒಂದನ್ನು ತಿದ್ದಿ ಇನ್ನೊಂದನ್ನು ಬಿಟ್ಟರೆ ಒಪ್ಯಾಕ್‌ನ (ಓದುಗರು ಹುಡುಕುವ ಕ್ಯಾಟಲಾಗ್ ಪರದೆಯ) ಎಡಪಟ್ಟಿಯಲ್ಲಿ ಹಳೆಯ ಪದ ಹಾಗೇ ಕಾಣುತ್ತದೆ. ಮೆಶ್‌ನಲ್ಲಿ ‘ಅನ್‌ಡಾಕ್ಯುಮೆಂಟೆಡ್ ಇಮಿಗ್ರಂಟ್ಸ್’ ಎಂಬ ಶೀರ್ಷಿಕೆ ಇದೆ, ಅದರ ತಂಟೆಗೆ ಹೋಗಬೇಡಿ. ನಮ್ಮ ಕಡೆಯ ಕ್ಯಾಟಲಾಗ್‌ಗಳಲ್ಲಿ ಕೈಯಾರೆ ಬೆರಳಚ್ಚು ಮಾಡಿದ 650ಗಳ ಇಂಡಿಕೇಟರ್ ಖಾಲಿ ಇರುವುದೂ ಉಂಟು. ಅವನ್ನು ಬೇರೆ ಹಾಳೆಯಲ್ಲಿಟ್ಟು ಕೊನೆಗೆ ನೋಡಿ.

ಇಂಡಿಕೇಟರ್ 0 ಇರುವವುಗಳಲ್ಲಿ ಮತ್ತೆ ಮೂರು ಪಾಲು: ಬರೀ ಶೀರ್ಷಿಕೆ ಅಥವಾ ಸ್ಥಳ ಮಾತ್ರ ಇರುವುದು, ವ್ಯಕ್ತಿಗಳ ಉಪವಿಭಾಗ ಇರುವುದು, ‘ಗವರ್ನಮೆಂಟ್ ಪಾಲಿಸಿ’, ‘ಲಾ ಅಂಡ್ ಲೆಜಿಸ್ಲೇಷನ್’ನಂಥವು ಇದ್ದು, ಪುಸ್ತಕ ವ್ಯಕ್ತಿಗಳ ಬಗ್ಗೆಯೋ ವಿದ್ಯಮಾನದ ಬಗ್ಗೆಯೋ ಎಂದು ಸಾಲಿನಿಂದಲೇ ತೀರ್ಮಾನಿಸಲಾಗದ್ದು. ಮೊದಲೆರಡನ್ನು ಗುಂಪಾಗಿ ತಿದ್ದಬಹುದು. ಮೂರನೆಯದಕ್ಕೆ ಒಂದೊಂದೇ.

ಅಥಾರಿಟಿ ಕಡತದಲ್ಲಿ ಹೊಸ ಎರಡು ದಾಖಲೆಗಳನ್ನು ಮೊದಲೇ ಇಳಿಸಿಕೊಳ್ಳಿ. ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ಹಳೆಯ ಅಥಾರಿಟಿ ದಾಖಲೆಯನ್ನೇ ತೆರೆದು 150ರಲ್ಲಿ ‘ನಾನ್‌ಸಿಟಿಜನ್ಸ್’ ಎಂದು ಬರೆದು ಉಳಿಸಿದರೆ, ಅದಕ್ಕೆ ಕೊಂಡಿಯಾಗಿರುವ ಪುಸ್ತಕಗಳೆಲ್ಲ ತಾವಾಗಿಯೇ ಬದಲಾಗುತ್ತವೆ, ನೋಡಲು ಚೆಂದ. ಆದರೆ ಎರಡನೆಯ 650 ಸೇರುವುದಿಲ್ಲ. ಅದೇ ಹೆಸರಿನ ಇನ್ನೊಂದು ಅಥಾರಿಟಿ ಆಗಲೇ ಇದ್ದರೆ ನಕಲು ಹುಟ್ಟುತ್ತದೆ. ಯಾವ ಪುಸ್ತಕಕ್ಕೆ ಮೊದಲು ನಿರ್ದಿಷ್ಟ ಶೀರ್ಷಿಕೆ ಇತ್ತು ಎಂಬ ಕುರುಹೂ ಅಳಿಸಿಹೋಗುತ್ತದೆ. ಆಮೇಲೆ ‘ಇಲ್ಲೀಗಲ್ ಇಮಿಗ್ರೇಷನ್’ ಯಾವುದಕ್ಕೆ ಸೇರಿಸಬೇಕೆಂದು ತಿಳಿಯುವುದೇ ಇಲ್ಲ. ‘ಅಥಾರಿಟಿಮರ್ಜ್‌ಲಿಮಿಟ್’ ಎಂಬ ಸೆಟ್ಟಿಂಗ್ ಮಾಮೂಲಾಗಿ 50 ಇರುತ್ತದೆ. ಕೊಂಡಿಯಾದ ದಾಖಲೆಗಳು ಅದಕ್ಕಿಂತ ಹೆಚ್ಚಿದ್ದರೆ ಬದಲಾವಣೆ ತಕ್ಷಣ ಆಗುವುದಿಲ್ಲ. ನಿಗದಿತ ಹೊತ್ತಿಗೆ ತಾನಾಗಿ ಓಡುವ ‘ಮರ್ಜ್_ಅಥಾರಿಟೀಸ್’ ಎಂಬ ಕ್ರಾನ್ ಸ್ಕ್ರಿಪ್ಟ್ ಓಡುವವರೆಗೂ ಸರದಿಯಲ್ಲಿ ಕಾಯುತ್ತದೆ. ‘ತಿದ್ದಿದೆ, ಬದಲಾಗಲೇ ಇಲ್ಲ’ ಎಂದು ಮತ್ತೆ ಮತ್ತೆ ತಿದ್ದುವವರು ಆ ಕ್ರಾನ್ ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಳ್ಳಲಿ.

ಹಾಗಾಗಿ ದಾಖಲೆಗಳನ್ನು ಹೊರತೆಗೆದು ಮಾರ್ಕ್‌ಎಡಿಟ್ ಎಂಬ ತಂತ್ರಾಂಶದಲ್ಲಿ ತಿದ್ದಿ ಮರಳಿ ಸೇರಿಸುವುದು ಕ್ಷೇಮ. ಹೊರತೆಗೆದ ಮೂಲ ಕಡತದ ಒಂದು ಪ್ರತಿ ಬೇರೆಡೆ ಇರಲಿ. ಬದಲಾವಣೆ 650ಕ್ಕೆ ಮಾತ್ರ ಸೀಮಿತವಾಗಿರಬೇಕು. ಇಡೀ ಕಡತದ ಮೇಲೆ ‘ಹುಡುಕು, ಬದಲಿಸು’ ಓಡಿಸಿದರೆ 245ರಲ್ಲಿರುವ ಪುಸ್ತಕದ ಹೆಸರು, 505ರಲ್ಲಿರುವ ಅಧ್ಯಾಯಗಳ ಪಟ್ಟಿ, 520ರ ಸಾರಾಂಶ ಎಲ್ಲವೂ ತಿರುಚಿಹೋಗುತ್ತವೆ. ಲೇಖಕ ಇಟ್ಟ ಹೆಸರನ್ನು ತಿದ್ದುವ ಅಧಿಕಾರ ಸೂಚೀಕಾರರಿಗಿಲ್ಲ. ಎರಡನೆಯ ಪಾಲಿನವುಗಳಿಗೆ $ಎ ಬದಲಿಸಿ, ಆಮೇಲೆ ‘ಇಲ್ಲೀಗಲ್ ಇಮಿಗ್ರೇಷನ್’ + $ಝಡ್ ಇರುವ ಹೊಸ 650 ಕಟ್ಟಿ. ತಿದ್ದಿದ ಪ್ರತಿ 650ರಿಂದಲೂ $9 ಅನ್ನು, $0ಯಲ್ಲಿ ಹಳೆಯ ಸಂಖ್ಯೆ ಇದ್ದರೆ ಅದನ್ನೂ ಕಿತ್ತುಹಾಕಿ. $9 ಉಳಿದರೆ ಆ ಫೀಲ್ಡ್ ಇನ್ನೂ ಹಳೆಯ ಅಥಾರಿಟಿಯ ಅಧೀನದಲ್ಲೇ ಇರುತ್ತದೆ. ಆ ಅಥಾರಿಟಿ ದಾಖಲೆಯನ್ನು ಮುಂದೆ ಯಾರಾದರೂ ಮುಟ್ಟಿ ಉಳಿಸಿದರೆ ಹಳೆಯ ಶೀರ್ಷಿಕೆ ಮರಳಿ ಬರುತ್ತದೆ.

ಮರಳಿ ಸೇರಿಸುವಾಗ ಹೊಂದಾಣಿಕೆಯ ನಿಯಮ 999 $ಸಿಯ ಮೇಲೆ ಇರಲಿ, ಅಂದರೆ ಕೋಹಾದ ದಾಖಲೆ ಸಂಖ್ಯೆಯ ಮೇಲೆ. ಐಎಸ್‌ಬಿಎನ್ ನಂಬಿದರೆ ಒಂದೇ ಐಎಸ್‌ಬಿಎನ್ ಇರುವ ಎರಡು ದಾಖಲೆಗಳಲ್ಲಿ ತಪ್ಪಾದುದರ ಮೇಲೆ ಬರಹ ಬೀಳಬಹುದು. ಪ್ರತಿಗಳ ವಿವರವನ್ನು, ಅಂದರೆ 952 ಅನ್ನು, ಕಡ್ಡಾಯವಾಗಿ ಕಡೆಗಣಿಸುವ ಆಯ್ಕೆ ಮಾಡಿ. ಇಲ್ಲದಿದ್ದರೆ ಪ್ರತಿಗಳ ನಕಲು ಸೃಷ್ಟಿಯಾಗುವ ಅಪಾಯವಿದೆ. ಮೊದಲ ಸಲ ಹತ್ತೇ ದಾಖಲೆ ಸೇರಿಸಿ, ಒಪ್ಯಾಕ್‌ನಲ್ಲಿ ಒಂದೊಂದನ್ನೂ ತೆರೆದು ನೋಡಿ, ಆಮೇಲೆ ಉಳಿದದ್ದು.

ಕೊನೆಗೆ ಪುಸ್ತಕಗಳನ್ನು ಅಥಾರಿಟಿಗೆ ಜೋಡಿಸುವ ಸ್ಕ್ರಿಪ್ಟ್ ಓಡಿಸಿ, ಸೂಚಿಯನ್ನು ಮರುನಿರ್ಮಿಸಿ. ಜೋಡಿಸುವ ವಿಧಾನ ‘ಡೀಫಾಲ್ಟ್’ ಆಗಿದ್ದರೆ ಒಂದೇ ಒಂದು ಅಥಾರಿಟಿ ತಾಳೆಯಾದಾಗ ಮಾತ್ರ ಕೊಂಡಿ ಬೀಳುತ್ತದೆ. ‘ಫಸ್ಟ್ ಮ್ಯಾಚ್’ ಇದ್ದರೆ ಮೊದಲು ಸಿಕ್ಕಿದ್ದಕ್ಕೆ ಬೀಳುತ್ತದೆ. ಇಂಥ ಕೆಲಸಕ್ಕೆ ‘ಡೀಫಾಲ್ಟ್’ ಲೇಸು. ಕೊಂಡಿ ಬೀಳದಿರುವುದು ತಪ್ಪು ಕೊಂಡಿ ಬೀಳುವುದಕ್ಕಿಂತ ಎಷ್ಟೋ ಮೇಲು. ಹಳೆಯ ಪದವನ್ನು ಹೊಸ ಅಥಾರಿಟಿಗಳ 450ರಲ್ಲಿ ಉಳಿಸಿ. ಹಳೆಯ ಪ್ರಬಂಧದಲ್ಲಿ ಆ ಪದ ನೋಡಿ ಹುಡುಕುವ ವಿದ್ಯಾರ್ಥಿಗೆ ದಾರಿ ಬೇಕು.

450ರಲ್ಲೇ ಕನ್ನಡ ರೂಪವನ್ನೂ ಹಾಕಬಹುದು: ‘ನಾಗರಿಕರಲ್ಲದವರು’, ‘ಅಕ್ರಮ ವಲಸೆ’. ಕೋಹಾ ಯೂನಿಕೋಡ್ ಬಲ್ಲದು, ಹುಡುಕಾಟಕ್ಕೂ ಅದು ಸಿಗುತ್ತದೆ. ಮಾರ್ಕ್‌ನ ಹಳೆಯ ಅಕ್ಷರ ಸಂಗ್ರಹವಾದ ಮಾರ್ಕ್-8ರಲ್ಲಿ ಕನ್ನಡ ಇಲ್ಲ. ಅಂಥ ವ್ಯವಸ್ಥೆಗೆ ದಾಖಲೆ ಕಳಿಸುವುದಿದ್ದರೆ ಈ 450ಗಳನ್ನು ಬಿಟ್ಟು ಕಳಿಸಿ.

ಯುಆರ್‌ಐ ಇಟ್ಟುಕೊಂಡವರ ಪಾಡು

$0ಯಲ್ಲಿ ಯುಆರ್‌ಐ ಇರುವ ಗ್ರಂಥಾಲಯಕ್ಕೆ ಮೇಲಿನ ಕೆಲಸದಲ್ಲಿ ಎಣಿಕೆ ಮತ್ತು ವಿಂಗಡಣೆ ಬಹಳ ಹಗುರ. ಬೇರೆ ಬೇರೆ ಯುಆರ್‌ಐಗಳ ಪಟ್ಟಿ ತೆಗೆದು, ಪ್ರತಿಯೊಂದನ್ನೂ ಲೈಬ್ರರಿ ಆಫ್ ಕಾಂಗ್ರೆಸ್‌ನ ತಾಣದಲ್ಲಿ ಕೇಳಿ, ಉತ್ತರವನ್ನು ಮೂರು ಬುಟ್ಟಿಗೆ ಹಾಕುವ ಚಿಕ್ಕ ಪ್ರೋಗ್ರಾಂ ಸಾಕು: ಹೆಸರು ಅದೇ ಇದೆ; ಹೆಸರು ಬದಲಾಗಿದೆ; ರದ್ದಾಗಿದೆ. ಎರಡನೆಯದನ್ನು ಯಂತ್ರ ತಿದ್ದಲಿ. ಮೂರನೆಯದು ಮನುಷ್ಯರ ಸರದಿಗೆ ಹೋಗಲಿ. ಈ ಓಟವನ್ನು ತಿಂಗಳಿಗೊಮ್ಮೆ ನಿಗದಿ ಮಾಡಬೇಕು, ಏಕೆಂದರೆ ಲಿಂಕ್ಡ್ ಡೇಟಾ ತಾನಾಗಿ ನವೀಕರಣಗೊಳ್ಳುವುದಿಲ್ಲ. ವೇಗಕ್ಕಾಗಿ ಎಲ್ಲರೂ ಹೆಸರುಗಳನ್ನು ತಮ್ಮ ಸರ್ವರ್‌ನಲ್ಲಿ ನಕಲು ಇಟ್ಟುಕೊಳ್ಳುತ್ತಾರೆ; 2018ರಲ್ಲಿ ತಂದಿಟ್ಟ ನಕಲು 2024ರಲ್ಲೂ ಹಳೆಯ ಹೆಸರನ್ನೇ ತೋರಿಸುತ್ತದೆ, ಪಕ್ಕದಲ್ಲಿ ಸರಿಯಾದ ಯುಆರ್‌ಐ ಇದ್ದರೂ.

ಹೊರಗಿನ ಕೊಂಡಿಗಳದ್ದು ಇನ್ನೊಂದು ಪಾಡು. ಸ್ವಿಟ್ಜರ್ಲೆಂಡ್, ಫ್ರಾನ್ಸ್, ಬ್ರಿಟನ್, ಜರ್ಮನಿಯ ರಾಷ್ಟ್ರೀಯ ಗ್ರಂಥಾಲಯಗಳು 1990ರ ದಶಕದ ಕೊನೆಯಲ್ಲಿ ಮ್ಯಾಕ್ಸ್ ಎಂಬ ಯೋಜನೆಯಲ್ಲಿ ಇಂಗ್ಲಿಷ್, ಫ್ರೆಂಚ್, ಜರ್ಮನ್ ವಿಷಯ ಶೀರ್ಷಿಕೆಗಳನ್ನು ಒಂದಕ್ಕೊಂದು ಜೋಡಿಸಲು ಹೊರಟವು. ಇಂಥ ಜೋಡಣೆಗಳು, ವಿಕಿಡೇಟಾದ ಪಿ244 ಗುಣದ ಮೂಲಕ ಹಾಕಿದ ಕೊಂಡಿಗಳು ಎಲ್ಲವೂ ಒಂದು ಪರಿಕಲ್ಪನೆಗೆ ಇನ್ನೊಂದು ಸಮ ಎಂದು ಹೇಳಿದಂಥವು. ಒಂದು ಕಡೆ ವಿಭಜನೆಯಾದರೆ ಇನ್ನೊಂದು ಕಡೆಯವರಿಗೆ ಸುದ್ದಿ ಮುಟ್ಟಿಸುವ ಏರ್ಪಾಡು ಸ್ಕಾಸ್ ಮಾದರಿಯೊಳಗೆ ಇಲ್ಲ. ಪದಾವಳಿ ನಡೆಸುವ ಸಂಸ್ಥೆಯ ಬೆಂಬಲ ನಿಂತರೆ ವಿಳಾಸಗಳೇ ಬತ್ತಿಹೋಗುವುದೂ ಉಂಟು. ಡ್ಯೂಯಿ ವರ್ಗೀಕರಣವನ್ನು ಲಿಂಕ್ಡ್ ಡೇಟಾ ಆಗಿ ಕೊಡಲು 2009ರಲ್ಲಿ ಶುರುವಾದ ತಾಣ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಅದರ ಯುಆರ್‌ಐಗಳನ್ನು ದಾಖಲೆಯೊಳಗೆ ನೆಟ್ಟವರಿಗೆ ಉಳಿದದ್ದು ಉತ್ತರ ಬಾರದ ವಿಳಾಸ. ಹಾಗಾಗಿ ಯುಆರ್‌ಐ ಮಾತ್ರ ಇಟ್ಟು ಅಕ್ಷರವನ್ನು ಕೈಬಿಡುವುದು ಬೇಡ. $ಎಯೂ ಇರಲಿ, $0ಯೂ ಇರಲಿ, ಆ ಹೆಸರನ್ನು ಯಾವ ದಿನ ಪರಿಶೀಲಿಸಿದ್ದು ಎಂಬ ದಿನಾಂಕವೂ ವ್ಯವಸ್ಥೆಯಲ್ಲಿ ಎಲ್ಲಾದರೂ ಇರಲಿ.

ಮನುಷ್ಯರ ಸರದಿಗೆ ಬಂದ ಪುಸ್ತಕಗಳಿಗೆ ಬೇಕಾದದ್ದು ಹೆಚ್ಚೇನಿಲ್ಲ. 505 ತುಂಬಿದ್ದರೆ ಅಧ್ಯಾಯಗಳ ಹೆಸರು ಅಲ್ಲೇ ಸಿಗುತ್ತದೆ. ಇಲ್ಲದಿದ್ದರೆ ಕಪಾಟಿನಿಂದ ಪುಸ್ತಕ ತರಿಸಿ ಪರಿವಿಡಿ ನೋಡಿದರೆ ಸಾಕು. ಗಡಿ ಕಾವಲು, ಗಡೀಪಾರು, ಶಾಸನ ಇಷ್ಟೇ ಇದ್ದರೆ ‘ಇಲ್ಲೀಗಲ್ ಇಮಿಗ್ರೇಷನ್’ ಒಂದೇ. ಜನರ ಬದುಕು, ಕೆಲಸ, ಮಕ್ಕಳು, ಆಸ್ಪತ್ರೆ ಇದ್ದರೆ ಎರಡೂ. ಪರಿವಿಡಿಯಿಂದಲೂ ತೀರ್ಮಾನವಾಗದಿದ್ದರೆ ಎರಡನ್ನೂ ಕೊಟ್ಟು, ವಿವರಣೆಯಿಲ್ಲದೆ ಬಿಡದೆ, ಸಿಬ್ಬಂದಿಗೆ ಮಾತ್ರ ಕಾಣುವ ಟಿಪ್ಪಣಿ ಫೀಲ್ಡ್‌ನಲ್ಲಿ ‘ವಿಭಜನೆಯ ವೇಳೆ ಎರಡೂ ಕೊಡಲಾಗಿದೆ’ ಎಂದು ದಿನಾಂಕ ಸಮೇತ ಬರೆದಿಡಿ. ಶೀರ್ಷಿಕೆ ಮತ್ತೆ ಬದಲಾದ ದಿನ ಹುಡುಕಬೇಕಾದ ದಾಖಲೆಗಳು ಇವೇ.